ಮೊದಲು ತಿರುಪು, ಆಮೇಲೆ ಸಾಮಾನು

ಹತ್ತನೇ ಒಂದು ಅಳತೆಯ ರಿಮೋಟ್ ಟೂರಿಂಗ್ ಕಾರು ಕೈಗೆ ಬಂದ ಹೊಸತರಲ್ಲಿ ಎಲ್ಲರ ಕಣ್ಣೂ ಮೊದಲು ಮೋಟಾರಿನ ಮೇಲೆ. ಟ್ರಿಗರ್ ಎಳೆದರೆ ಇನ್ನೂ ಜೋರಾಗಿ ಚಿಮ್ಮಬೇಕು, ಅಷ್ಟೇ ಆಸೆ. ಆಸೆಯ ಬೆನ್ನಿಗೇ ಖರೀದಿ: ಬ್ರಶ್‌ಲೆಸ್ ಮೋಟಾರು, ನೀಲಿ ಬಣ್ಣ ಏರಿಸಿದ ಅಲ್ಯೂಮಿನಿಯಂ ಭಾಗಗಳು, ಕಾರ್ಬನ್ ಫೈಬರ್ ಹಲಗೆ. ನನ್ನ ವಾದ ಇದಕ್ಕೆ ತಿರುಗುಮುರುಗು. ಕಾರಿನಲ್ಲಿ ಈಗಾಗಲೇ ಇರುವ ತಿರುಪುಗಳಿಂದ ಸಿಗುವುದನ್ನೆಲ್ಲ ಪಡೆದು ಮುಗಿಯುವವರೆಗೆ ಹೊಸ ಸಾಮಾನು ತರಬಾರದು. ತಂದರೂ ಮೋಟಾರು ಕಟ್ಟಕಡೆಗೆ. ನಮ್ಮ ಅಫಜಲಪುರ ಸೀಮೆಯಲ್ಲಿ ಗಾಡಿ ಒಂದು ಮಗ್ಗುಲಿಗೆ ಎಳೆದರೆ ಬಲ್ಲವರು ನೊಗದ ಜತ್ತಿಗೆ ಬಿಚ್ಚಿ ಮತ್ತೆ ಕಟ್ಟಿ ನೋಡುತ್ತಾರೆ, ಎತ್ತನ್ನು ಸಂತೆಗೆ ಹೊಡೆಯುವುದಿಲ್ಲ.

ಒಂದೂವರೆ ಕೆಜಿಯೊಳಗಿನ ಈ ಕಾರು ನೆಲಕ್ಕೆ ತಾಗುವುದು ನಾಲ್ಕು ಟೈರುಗಳ ಕಿರಿದಾದ ಪಟ್ಟಿಗಳಲ್ಲಿ ಮಾತ್ರ. ಮೋಟಾರು ಎಷ್ಟೇ ದೊಡ್ಡದಿರಲಿ, ಅದರ ಬಲ ಅಲ್ಲಿಂದಲೇ ನೆಲಕ್ಕಿಳಿಯಬೇಕು. ತಿರುವಿನಲ್ಲಿ ಭಾರ ಹೊರಗಿನ ಗಾಲಿಗಳ ಕಡೆ ಸರಿಯುತ್ತದೆ. ಮುಂದಿನ ಸ್ಪ್ರಿಂಗ್ ಬಿಗಿಯಾದಷ್ಟೂ ಆ ಸರಿಯುವ ಭಾರದ ಹೆಚ್ಚಿನ ಪಾಲು ಮುಂದಿನ ಹೊರಗಾಲಿಯ ಮೇಲೆ ಬಿದ್ದು, ಮುಂದಿನ ಒಟ್ಟು ಹಿಡಿತ ಇಳಿಯುತ್ತದೆ. ಮೂತಿ ತಿರುವಿನಿಂದಾಚೆ ಜಾರುತ್ತದೆ. ಹಿಂದಿನದು ಬಿಗಿಯಾದರೆ ಬಾಲ ಬೀಸುತ್ತದೆ. ಡಾಂಬರಿನ ಮೇಲೆ ನೆಲದಿಂದ ಚಾಸಿಗೆ ಸುಮಾರು 5 ಮಿ.ಮೀ. ಎತ್ತರ, ಗಾಲಿಯ ತಲೆ ಒಂದೆರಡು ಡಿಗ್ರಿ ಒಳಕ್ಕೆ ವಾಲಿದ ಕ್ಯಾಂಬರ್, ಹಿಂದಿನ ಗಾಲಿಗಳ ಮುಂಭಾಗ ಎರಡು-ಮೂರು ಡಿಗ್ರಿ ಒಳಮುಖ. ಇಷ್ಟರಲ್ಲಿ ಅರ್ಧ ಡಿಗ್ರಿ ಆಚೀಚೆ ಮಾಡಿದರೂ ಕಾರಿನ ಸ್ವಭಾವವೇ ಬದಲಾಗುತ್ತದೆ, ಒಂದು ಪೈಸೆ ಖರ್ಚಿಲ್ಲದೆ. ವಿಶ್ವ ಮಟ್ಟದ ಕೂಟಗಳಲ್ಲಿ ಎಲ್ಲರಿಗೂ ಒಂದೇ ಟೈರು ಹಂಚುವ ರೂಢಿಯಿದೆ. ಆದರೂ ಜರ್ಮನಿಯ ಮಾರ್ಕ್ ರೈನಾರ್ಡ್ 2004, 2008, 2010ರಲ್ಲಿ ಟೂರಿಂಗ್ ಕಾರಿನ ವಿಶ್ವ ಪಟ್ಟ ಗೆದ್ದ. ಸಾಮಾನೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಒಬ್ಬನೇ ಮತ್ತೆ ಮತ್ತೆ ಮುಂದೆ ಬರಲು ಕಾರಣವಿರಲಿಲ್ಲ.

ಹಾಗಾದರೆ ಅಪ್‌ಗ್ರೇಡ್ ಎಂಬುದೇ ಸುಳ್ಳೇ ಎಂದು ಕೇಳುವವರಿದ್ದಾರೆ. ಇಲ್ಲ, ಸುಳ್ಳಲ್ಲ, ಆದರೆ ಎರಡು ಜಾತಿ. ಟಾಮಿಯಾ ಕಂಪನಿ 2013ರಲ್ಲಿ ತಂದ ಟಿಟಿ-02 ನೋಡಿ. ಅದರ ಸಾದಾ ಕಿಟ್ಟಿನಲ್ಲಿ ಬರುವುದು ತಿಕ್ಕಾಟದ ಪ್ಲಾಸ್ಟಿಕ್ ಡ್ಯಾಂಪರು, ಎಣ್ಣೆಯದಲ್ಲ. ಎಣ್ಣೆಯಿಲ್ಲದ ಡ್ಯಾಂಪರಿನಲ್ಲಿ ತಿದ್ದಲು ಹೆಚ್ಚೇನೂ ಇಲ್ಲ. ಆದ್ದರಿಂದ ಎಣ್ಣೆ ಡ್ಯಾಂಪರು ಮತ್ತು ಉದ್ದ ಬದಲಿಸಬಹುದಾದ ತಿರುಪು-ಕಡ್ಡಿಗಳು ಯೋಗ್ಯ ಖರ್ಚು, ಏಕೆಂದರೆ ಹೊಸ ತಿದ್ದುಪಡಿಗೆ ದಾರಿ ಕೊಡುತ್ತವೆ. ಅಲ್ಯೂಮಿನಿಯಂ ತೋಳು ಬೇರೆ ಜಾತಿ. ಇಟ್ಟಿಗೆಗೆ ಗುದ್ದಿದಾಗ ಪ್ಲಾಸ್ಟಿಕ್ ತೋಳು ಬಳುಕಿ ಹಿಂದಕ್ಕೆ ಬರುತ್ತದೆ. ಲೋಹದ್ದು ಕೂದಲೆಳೆಯಷ್ಟು ಸೊಟ್ಟಗಾಗಿ ಸುಮ್ಮನಿರುತ್ತದೆ. ಆ ಸೊಟ್ಟ ಕಣ್ಣಿಗೆ ಕಾಣದು, ಸೆಟ್ಟಿಂಗನ್ನೆಲ್ಲ ಸುಳ್ಳಾಗಿಸುತ್ತದೆ. ನೀಲಿ ಬಣ್ಣ ಮಾತ್ರ ಚೆಂದವೇ, ಅದನ್ನು ಒಪ್ಪುತ್ತೇನೆ. ವೇಗವೇ ಬೇಕೆಂಬವರಿಗೂ ಪುಟ್ಟ ಹಲ್ಲುಗಾಲಿಯೊಂದು ಸಾಕು: ಇದೇ ಕಿಟ್ಟಿನ 70 ಹಲ್ಲಿನ ದೊಡ್ಡ ಗೇರಿಗೆ 22 ಹಲ್ಲಿನ ಪಿನಿಯನ್ ಸೇರಿದರೆ ಒಟ್ಟು ಅನುಪಾತ 8.27; 23 ಹಾಕಿದರೆ ಸುಮಾರು 7.91. ಮೋಟಾರು ಬೆರಳಿಟ್ಟು ತಾಳಲಾರದಷ್ಟು ಕಾಯದಿದ್ದರೆ ಅದೇ ಮೋಟಾರಿನಲ್ಲಿ ನೂರಕ್ಕೆ ನಾಲ್ಕೂವರೆಯಷ್ಟು ಹೆಚ್ಚು ವೇಗ.

ಈ ಹವ್ಯಾಸದ ನಿಜವಾದ ರುಚಿ ಇರುವುದು ಟ್ವೀಕ್, ಅಂದರೆ ಚಾಸಿಯ ತಿರುಚು, ನೋಡುವ ಹೊತ್ತಿನಲ್ಲಿ. ಬಲಗಡೆ ಚೆನ್ನಾಗಿ ತಿರುಗುವ ಕಾರು ಎಡಗಡೆ ತಿರುಗದಿದ್ದರೆ ಸ್ಟೀರಿಂಗನ್ನು ಬೈಯುವುದಲ್ಲ. ದಪ್ಪ ಗಾಜಿನ ಮೇಲೆ ಕಾರು ಇಟ್ಟು, ಮುಂದಿನ ಬಂಪರಿನ ಸರಿ ನಡುವಿಗೆ ಚೂಪು ತುದಿಯೊಂದನ್ನು ತೂರಿ ಮೆಲ್ಲಗೆ ಎತ್ತಬೇಕು. ಎರಡೂ ಗಾಲಿ ಒಂದೇ ಕ್ಷಣಕ್ಕೆ ಗಾಜು ಬಿಡಬೇಕು. ಒಂದು ಮೊದಲೇ ಎದ್ದರೆ, ಮೇಲಿನ ಹಲಗೆಯ ತಿರುಪುಗಳನ್ನು ಸ್ವಲ್ಪ ಸಡಿಲಿಸಿ, ಚಾಸಿಯನ್ನು ಗಾಜಿಗೆ ಒತ್ತಿ ಹಿಡಿದು, ಎದುರು-ಬದುರು ತಿರುಪುಗಳನ್ನು ಸರದಿಯಲ್ಲಿ ಬಿಗಿದು ಮತ್ತೆ ಎತ್ತಿ ನೋಡಬೇಕು. ಒಂದೊಂದು ಸಲ ಒಂದೇ ತಿರುಪಿನ ಕಾಲು ಸುತ್ತಿನಲ್ಲಿ ಕಾರು ಸರಿಹೋಗುತ್ತದೆ.

ಇಲ್ಲಿ ಇನ್ನೊಂದು ಆಕ್ಷೇಪ: ನಮ್ಮ ಸೀಮೆಯ ಕರಜಗಿಯಂಥ ಊರಲ್ಲಿ ಇದಕ್ಕೆ ಟ್ರ್ಯಾಕ್ ಎಲ್ಲಿ? ನಿಜ, ಎರೆಮಣ್ಣಿನ ಬಯಲು ಟೂರಿಂಗ್ ಕಾರಿಗೆ ಹೇಳಿ ಮಾಡಿಸಿದ್ದಲ್ಲ. ನುಣುಪು ಸಿಮೆಂಟಿನ ಅಂಗಳವೊಂದು, ಗುರುತಿಗೆ ನಾಲ್ಕು ಇಟ್ಟಿಗೆ ಬೇಕು. ಅಂಥಲ್ಲಿ ಕಸಬರಿಗೆ ಮೊದಲ ಸಾಧನ, ಏಕೆಂದರೆ ಎರೆಮಣ್ಣಿನ ಧೂಳು ಟೈರಿಗೆ ಮೆತ್ತಿದರೆ ಯಾವ ಕ್ಯಾಂಬರೂ ಕೆಲಸಕ್ಕೆ ಬಾರದು. ಆದರೆ ನಮ್ಮ ಬಿಸಿಲೇ ಒಂದು ಪಾಠಶಾಲೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿ ಸೀಮೆಯಲ್ಲಿ ಬೆಳಿಗ್ಗೆ 25 ಡಿಗ್ರಿಯಲ್ಲಿ ತುಂಬಿದ ಸಿಲಿಕಾನ್ ಎಣ್ಣೆ ಮಧ್ಯಾಹ್ನ ಕಾಲು ಭಾಗಕ್ಕೂ ಮೀರಿ ತೆಳುವಾಗುತ್ತದೆ; ಬೆಳಿಗ್ಗೆ ನೆಟ್ಟಗೆ ಕೂತಿದ್ದ ಕಾರು ಮಧ್ಯಾಹ್ನ ತೂಗಾಡುತ್ತದೆ. ಮೃದು ಟೈರು ಬಿಸಿ ನೆಲದಲ್ಲಿ ಕರಗಿದಂತಾಗಿ ಜಾರುತ್ತದೆ. ಸೋರೆಕ್ಸ್ ಟೈರುಗಳಲ್ಲಿ 28, 32, 36 ಎಂದು ಅಂಕಿ ಏರಿದಂತೆ ಅದು ಹೆಚ್ಚು ಬಿಸಿ ನೆಲಕ್ಕೆ ತಕ್ಕದ್ದು; ಇಲ್ಲಿಯವರು ಕಡಿಮೆ ಅಂಕಿಯದನ್ನು ಕೊಳ್ಳುವುದು ವ್ಯರ್ಥ. ಎಣ್ಣೆಯ ಸಣ್ಣ ಬಾಟಲಿ, ತಕ್ಕ ಟೈರು, ಇವೆರಡಕ್ಕೆ ಹಾಕಿದ ಹಣ ಅದೇ ಹಣದ ಮೋಟಾರಿಗಿಂತ ಮೇಲು.

ಉಳಿದದ್ದು ಒಂದೇ ಮಾತು, ಅದು ಬಲವಾದದ್ದೂ ಹೌದು: ಎಲ್ಲಕ್ಕಿಂತ ಕೈ ಮುಖ್ಯ, ಸೆಟ್ಟಿಂಗೆಲ್ಲ ನೆಪ. ಕೈ ಮುಖ್ಯವೆಂಬುದು ಸರಿ. ಅದಕ್ಕೇ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಅತಿ ವೇಗದ ಒಂದು ಸುತ್ತನ್ನಲ್ಲ, ಸಾಲಾಗಿ ಓಡಿಸಿದ ಸುತ್ತುಗಳ ಸರಾಸರಿಯನ್ನು ಬರೆದಿಡಬೇಕು. ಒಳ್ಳೆಯ ಸೆಟ್ಟಿಂಗ್ ವೇಗದ ಸುತ್ತನ್ನು ಇನ್ನಷ್ಟು ವೇಗವಾಗಿಸುವುದು ಅಪರೂಪ. ಕೆಟ್ಟ ಸುತ್ತುಗಳನ್ನು ಕಡಿಮೆ ಕೆಟ್ಟದಾಗಿಸುತ್ತದೆ. ಹೊಸ ಮೋಟಾರು ಹಾಕಿದ ಕಾರಿನ ಸರಾಸರಿ ಹಳೆಯದಕ್ಕಿಂತ ನಿಧಾನವಾದರೆ, ಆ ಮೋಟಾರನ್ನು ಡಬ್ಬಿಗೆ ಹಾಕಿ ಸ್ಪ್ರಿಂಗ್ ಬದಲಿಸಲು ಕೂರಬೇಕು.