ಬಿಲ್ ತಾನಾಗಿ ಬರದ ಊರಿನಲ್ಲಿ ಹನಿಮೂನ್

ನಮ್ಮ ಮದುವೆ ನಿಶ್ಚಯವಾಗಿದ್ದು ಜನವರಿಯಲ್ಲಿ, ಮದುವೆಯಾಗಿದ್ದು ಮೇ ತಿಂಗಳಲ್ಲಿ. ನಡುವಿನ ನಾಲ್ಕು ತಿಂಗಳು ನಾವಿಬ್ಬರೂ ಫೋನಿನಲ್ಲಿ ಮಾತಾಡಿದ್ದು ಛತ್ರ, ಸೀರೆ, ಕಾರ್ಡು, ಫೋಟೋದವರು, ಕೊನೆಗೆ ವೀಸಾ. ಇವರಿಗೆ ಬದನೆಕಾಯಿ ಎಣ್ಣೆಗಾಯಿ ಇಷ್ಟ ಅಂತ ಗೊತ್ತಿತ್ತು. ತಿಂಗಳ ಸಂಬಳ ಎಲ್ಲೆಲ್ಲಿಗೆ ಹೋಗುತ್ತೆ ಅಂತ ಗೊತ್ತಿರಲಿಲ್ಲ. ನನ್ನದೂ ಇವರಿಗೆ ಗೊತ್ತಿರಲಿಲ್ಲ. ನಾನು ಚಿಕ್ಕಮಗಳೂರಿನವಳು, ಇವರು ದಾವಣಗೆರೆಯವರು, ಕೆಲಸ ಇಬ್ಬರದ್ದೂ ಬೆಂಗಳೂರಿನಲ್ಲಿ.

ಹನಿಮೂನ್ ಅಂದ ಕೂಡಲೇ ಎಲ್ಲರೂ ತೋರಿಸಿದ್ದು ಹತ್ತು ದಿನಕ್ಕೆ ಐದು ದೇಶದ ಪ್ಯಾಕೇಜ್. ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟಿಕೊಂಡು ಬಸ್ ಹತ್ತೋದು ಬೇಡ, ಒಂದೇ ಊರಲ್ಲಿ ಆರು ರಾತ್ರಿ ಇರೋಣ ಅಂತ ತೀರ್ಮಾನಿಸಿ ಆಸ್ಟ್ರಿಯಾದ ವಿಯೆನ್ನಾ ಆರಿಸಿದೆವು. ಒಬ್ಬರಿಗೆ 90 ಯೂರೋ ವೀಸಾ ಶುಲ್ಕ ಕಟ್ಟಿದ ಮೇಲೆ ಖರ್ಚಿನ ಬಗ್ಗೆ ಇಬ್ಬರಿಗೂ ಸ್ವಲ್ಪ ಭಯ ಹುಟ್ಟಿತ್ತು. ಹಾಗಾಗಿ ಹೋಟೆಲ್ ಬಿಟ್ಟು, ಅಡುಗೆಮನೆ ಇರುವ ಪುಟ್ಟ ಅಪಾರ್ಟ್‌ಮೆಂಟ್ ಹಿಡಿದೆವು.

ಅಲ್ಲಿನ ಹಳೇ ಕಟ್ಟಡಗಳ ಲೆಕ್ಕವೇ ಬೇರೆ. ನೆಲಮಹಡಿಯ ಮೇಲೆ ‘ಮೆಟ್ಸಾನಿನ್’ ಅಂತ ಒಂದು ಮಹಡಿ, ಅದಾದ ಮೇಲೆ ಒಂದನೇ ಮಹಡಿ ಶುರು. ‘ಎರಡನೇ ಮಹಡಿ, ಲಿಫ್ಟ್ ಇಲ್ಲ’ ಅಂತ ಓದಿ ಧೈರ್ಯವಾಗಿ ಬುಕ್ ಮಾಡಿದವರು ಮೂರು ಮಹಡಿ ಹತ್ತಬೇಕು. 23 ಕಿಲೋ ಸೂಟ್‌ಕೇಸ್ ಹೊತ್ತ ಇವರ ಮುಖ ನೋಡಬೇಕಿತ್ತು! ಒಳಗೆ ಹೋದರೆ ಡಬಲ್ ಬೆಡ್ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹೊದಿಕೆ, ಅಚ್ಚುಕಟ್ಟಾಗಿ ಬೇರೆ ಬೇರೆ ಮಡಚಿಟ್ಟಿದ್ದರು. “ಹನಿಮೂನ್ ಅಂತ ಹೇಳಿರ್ಲಿಲ್ವಾ ನೀವು?” ಅಂತ ಕೇಳಿದೆ. ಆಮೇಲೆ ತಿಳೀತು, ಅಲ್ಲಿ ಮನೆಮನೆಯಲ್ಲೂ ಹೀಗೇ. ಚಳಿಗೆ ಹೊದಿಕೆ ಎಳೆದಾಡೋ ಜಗಳವೇ ಇಲ್ಲ. ಒಳ್ಳೇ ಪದ್ಧತಿ.

ಊಟದ ವಿಷಯಕ್ಕೆ ಬರೋಣ. ನಾವಿಬ್ಬರೂ ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತೆ. ಇಂಥವರು ವಿಯೆನ್ನಾದಲ್ಲಿ ಉಪವಾಸ ಬೀಳಲ್ಲ, ಆದರೆ ಸೂಪ್ ಬಗ್ಗೆ ಹುಷಾರು. ದೋಸೆಯಂಥದ್ದನ್ನು ಶಾವಿಗೆ ಹಾಗೆ ಕತ್ತರಿಸಿ ಹಾಕಿದ ‘ಫ್ರಿಟಾಟೆನ್‌ಸುಪ್ಪೆ’ ನೋಡೋಕೆ ಸಾಧು. ತಿಳಿಸಾರು ಮಾತ್ರ ದನದ ಮಾಂಸದ್ದು. ‘ಓನೆ ಫ್ಲೈಶ್’, ಅಂದರೆ ಮಾಂಸ ಬೇಡ, ಅನ್ನೋದನ್ನು ಕಲಿತಿಟ್ಟುಕೊಳ್ಳಿ. ನನಗೆ ಬಹಳ ಹಿಡಿಸಿದ್ದು ‘ಗೆರ್ಮ್‌ಕ್ನೋಡೆಲ್’. ಹಬೆಯಲ್ಲಿ ಉಬ್ಬಿದ ದೊಡ್ಡ ಉಂಡೆ, ಒಳಗೆ ಪ್ಲಮ್ ಹಣ್ಣಿನ ಪಾಕ, ಮೇಲೆ ಕರಗಿಸಿದ ಬೆಣ್ಣೆ, ಪುಡಿ ಮಾಡಿದ ಗಸಗಸೆ. ನಮ್ಮ ಸಿಹಿ ಕಡುಬಿನ ದೂರದ ನೆಂಟ. ನೀರಿಗಂತೂ ದುಡ್ಡು ಕೊಡಲೇಬೇಡಿ. 1873ರಿಂದ ಆ ಊರಿನ ನಲ್ಲಿಗೆ ಆಲ್ಪ್ಸ್ ಬೆಟ್ಟದ ಬುಗ್ಗೆಗಳ ನೀರು ಬರುತ್ತಿದೆ. ಬಾಟಲಿ ತುಂಬಿಸಿಕೊಂಡು ಹೊರಟರೆ ಆಯಿತು.

ರಾತ್ರಿ ಊಟ ಮನೆಯಲ್ಲೇ. ಸೂಪರ್‌ಮಾರ್ಕೆಟ್ಟಿನ ಅಕ್ಕಿ, ಮೊಸರು, ಅಮ್ಮ ಕೊಟ್ಟ ಮಾವಿನಮಿಡಿ ಉಪ್ಪಿನಕಾಯಿ. ಇವರು ಸೌತೆಕಾಯಿ ಹೆಚ್ಚೋದು, ನಾನು ಒಗ್ಗರಣೆ ಹಾಕೋದು. ಸಂಸಾರ ಶುರುವಾಗಿದ್ದು ನಿಜವಾಗಿ ಆ ಎರಡು ಉರಿಯ ಒಲೆಯ ಮುಂದೆ.

ಶಾಪಿಂಗ್‌ಗೆ ಶನಿವಾರ ಇಟ್ಟುಕೊಳ್ಳಿ. ನಾಶ್‌ಮಾರ್ಕ್ಟ್ ಅನ್ನೋ ಹಳೇ ಮಾರುಕಟ್ಟೆಯಲ್ಲಿ ಆಲಿವ್, ಚೀಸ್, ಒಣಹಣ್ಣು, ಮಸಾಲೆ ಎಲ್ಲ ಸಾಲಾಗಿ ಇರುತ್ತವೆ. ಶನಿವಾರ ಪಕ್ಕದಲ್ಲೇ ಹಳೇ ಸಾಮಾನಿನ ಸಂತೆಯೂ ಸೇರುತ್ತೆ. ಬಟ್ಟೆಬರೆಗೆ ಮರಿಯಾಹಿಲ್ಫರ್ ಸ್ಟ್ರಾಸೆ. ಒಂದೇ ಅಂಗಡಿಯಲ್ಲಿ 75 ಯೂರೋ ದಾಟಿ ಕೊಂಡರೆ ನಮ್ಮಂಥ ಪ್ರವಾಸಿಗಳಿಗೆ ತೆರಿಗೆಯಲ್ಲಿ ಒಂದು ಪಾಲು ವಾಪಸ್ ಸಿಗುತ್ತೆ. ಅಂಗಡಿಯಲ್ಲೇ ಫಾರ್ಮ್ ಕೇಳಿ ತಗೊಳ್ಳಿ, ವಿಮಾನ ನಿಲ್ದಾಣದಲ್ಲಿ ಮುದ್ರೆ ಹಾಕಿಸಿ. ಪ್ಲಾಸ್ಟಿಕ್ ಬಾಟಲಿ, ಕ್ಯಾನುಗಳಿಗೆ 2025ರಿಂದ 25 ಸೆಂಟ್ ಠೇವಣಿ ಇದೆ. ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತೆ. ಇವರು ಪ್ರತಿ ಸಲ ಆ ಚೀಟಿ ಹಿಡ್ಕೊಂಡು “ನೋಡು, ನಮ್ಮ ಮೊದಲ ಉಳಿತಾಯ” ಅಂತ ನಗ್ತಿದ್ರು.

ಶನಿವಾರ ಸಂಜೆ ಒಪೆರಾಗೆ ಹೋದೆವು. ಕೂರುವ ಟಿಕೆಟ್ ನಮ್ಮ ಕೈಗೆಟುಕುವಂಥದ್ದಲ್ಲ, ನಿಂತು ನೋಡುವ ಟಿಕೆಟ್ ಅಗ್ಗ. ಜಾಗ ಹಿಡಿಯೋಕೆ ಅಲ್ಲಿಯವರು ಕಂಬಿಗೆ ಸ್ಕಾರ್ಫ್ ಕಟ್ಟುತ್ತಾರೆ. ನಾನು ನನ್ನ ದುಪಟ್ಟಾ ಕಟ್ಟಿದೆ. ನಮ್ಮ ಕೆಎಸ್ಸಾರ್ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯೋದು ನೆನಪಾಯಿತು.

ಮಾರನೇ ದಿನ ಭಾನುವಾರ. ವಿಯೆನ್ನಾದಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ದೊಡ್ಡ ರೈಲು ನಿಲ್ದಾಣದೊಳಗಿನ ಸೂಪರ್‌ಮಾರ್ಕೆಟ್ ಬಿಟ್ಟರೆ ಹಾಲು ಸಿಗೋದೂ ಕಷ್ಟ. ಮಾಡೋಕೆ ಏನೂ ಇಲ್ಲದೆ ಒಂದು ಹಳೇ ಕಾಫಿಹೌಸ್‌ಗೆ ಹೋಗಿ ಕೂತೆವು.

ಅಲ್ಲಿನ ಕಾಫಿಹೌಸ್ ಸಂಸ್ಕೃತಿ 2011ರಲ್ಲಿ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ಅದು ಯಾಕೆ ಅಂತ ಕೂತ ಮೇಲೆ ಗೊತ್ತಾಗುತ್ತೆ. ಬಾಬಾ ಬುಡನ್‌ಗಿರಿಯ ತಪ್ಪಲಲ್ಲಿ ಬೆಳೆದವಳಿಗೆ ಅವರ ‘ಮೆಲಾಂಜ್’ ಸ್ವಲ್ಪ ಸಪ್ಪೆಯೇ. ಆದರೆ ಕಾಫಿ ಜೊತೆ ಚಿಕ್ಕ ತಟ್ಟೆಯಲ್ಲಿ ಒಂದು ಲೋಟ ನೀರು ತಂದಿಟ್ಟು ಹೋದ ವೇಟರ್ ಮತ್ತೆ ತಿರುಗಿ ನೋಡಲಿಲ್ಲ. ನಾವಾಗಿ ‘ತ್ಸಾಲೆನ್ ಬಿಟ್ಟೆ’ ಅನ್ನೋವರೆಗೆ ಬಿಲ್ ಬರೋದಿಲ್ಲ. ಒಂದು ಕಾಫಿಗೆ ಅರ್ಧ ದಿನ ಕೂತರೂ ಯಾರೂ ಏಳಿ ಅನ್ನಲ್ಲ.

ಅಂಥ ಜಾಗದಲ್ಲಿ ನಾನು ಮಾತು ಶುರು ಮಾಡಿದೆ.

“ನಾನು ಪ್ರತಿ ತಿಂಗಳು ಮನೆಗೆ 18,000 ಕಳಿಸ್ತೀನಿ. ಅಪ್ಪಂಗೆ ಪೆನ್ಷನ್ ಇಲ್ಲ. ತಮ್ಮನ ಎಂಜಿನಿಯರಿಂಗ್ ಮುಗಿಯೋಕೆ ಇನ್ನೆರಡು ವರ್ಷ. ಅದನ್ನ ನಿಲ್ಲಿಸೋಕೆ ಆಗಲ್ಲ.”

ಇವರು ಚಮಚ ಕೆಳಗಿಟ್ಟರು. “ಕೇಳ್ತಾ ಇದೀಯೋ, ಹೇಳ್ತಾ ಇದೀಯೋ?”

“ಹೇಳ್ತಾ ಇದೀನಿ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹಂಗಾದ್ರೆ ನನ್ನದೂ ಕೇಳು” ಅಂದರು. ದಾವಣಗೆರೆ ಮನೆಯ ಮೇಲೆ ಮಹಡಿ ಕಟ್ಟಿಸಿದ ಸಾಲಕ್ಕೆ ತಿಂಗಳಿಗೆ 22,000 ಕಟ್ಟುತ್ತಿದ್ದಾರೆ. ಮುಂದಿನ ಯುಗಾದಿಗೆ ಬೆಂಗಳೂರಲ್ಲಿ ಫ್ಲಾಟ್ ಬುಕ್ ಮಾಡೋ ಯೋಚನೆ ಇತ್ತು, ಅದರ ಲೆಕ್ಕದಲ್ಲಿ ನನ್ನ ಸಂಬಳ ಪೂರ್ತಿ ಸೇರಿತ್ತು. ಅತ್ತೆಗೂ ಹಾಗೇ ಹೇಳಿಟ್ಟಿದ್ದರಂತೆ. ನನಗೆ ಸಿಟ್ಟು ಬಂತು. ನನ್ನ ದುಡ್ಡನ್ನು ನನ್ನ ಕೇಳದೆ ಲೆಕ್ಕ ಹಾಕಿದ್ದಕ್ಕೆ ಬಂದ ಸಿಟ್ಟು. ಹೇಳಿಯೂ ಬಿಟ್ಟೆ. ಇವರ ಮುಖ ಬಿಗಿಯಿತು.

ಇದೇ ಮಾತು ಬೆಂಗಳೂರಿನ ಹೋಟೆಲಲ್ಲಿ ಆಗಿದ್ದರೆ, ಸೀಟಿಗೆ ಕಾಯೋರು ಕುರ್ಚಿ ಹಿಂದೆ ನಿಂತಿರುತ್ತಿದ್ದರು, ಟೇಬಲ್ ಮೇಲೆ ಬಿಲ್ ಬಂದಿರುತ್ತಿತ್ತು. ಎದ್ದು, ಆಟೋ ಹಿಡಿದು, ಮಾತು ಅಲ್ಲಿಗೇ ನಿಂತು ಹೋಗುತ್ತಿತ್ತು. ಇಲ್ಲಿ ಏಳೋಕೆ ನೆಪವೇ ಇರಲಿಲ್ಲ. ಹೊರಗೆ ಹೋದರೆ ಅಂಗಡಿಯೂ ಇಲ್ಲ. ಮತ್ತೆ ಎರಡು ಕಾಫಿ ಹೇಳಿ, ಫೋನ್ ತೆಗೆದು ಇಬ್ಬರ ಸಂಬಳ, ಸಾಲ, ಬಾಡಿಗೆ ಎಲ್ಲ ಬರೆದೆವು. ಫ್ಲಾಟ್ ಎರಡು ವರ್ಷ ಮುಂದಕ್ಕೆ. ಸದ್ಯಕ್ಕೆ ಎರಡು ಬೆಡ್‌ರೂಮಿನ ಮನೆ ಬೇಡ, ಒಂದು ಸಾಕು. ಇಬ್ಬರ ಮನೆಗೂ ಕಳಿಸೋದು ಕಳಿಸೋದೇ, ಅದರ ಮೇಲೆ ಯಾರೂ ಯಾರನ್ನೂ ಪ್ರಶ್ನೆ ಮಾಡೋ ಹಾಗಿಲ್ಲ.

“ಅಮ್ಮಂಗೆ ನಾನೇ ಹೇಳ್ತೀನಿ” ಅಂದರು ಇವರು. “ನೀನು ಹೇಳಿದ್ರೆ ಬೇರೆ ಥರ ಕೇಳ್ಸುತ್ತೆ.”

ಊರಿಗೆ ಬಂದು ಹೇಳಿದರು. ಅತ್ತೆ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ರೊಟ್ಟಿ ತಟ್ಟುತ್ತಾ, “ನಿನ್ ತಮ್ಮ ಚೆನ್ನಾಗ್ ಓದ್ತಾನೇನು?” ಅಂತ ಕೇಳಿದರು. ಓದ್ತಾನೆ ಅತ್ತೆ, ಅಂದೆ. ಮಾತು ಅಲ್ಲಿಗೆ ಮುಗಿಯಿತು.

ನೀವೂ ಹೊಸದಾಗಿ ಮದುವೆಯಾಗಿ ಟ್ರಿಪ್ ಪ್ಲಾನ್ ಮಾಡ್ತಾ ಇದ್ದರೆ ನನ್ನದೊಂದು ಸಲಹೆ: ಎಲ್ಲ ದಿನಕ್ಕೂ ಟಿಕೆಟ್ ಬುಕ್ ಮಾಡಬೇಡಿ. ಒಂದು ಭಾನುವಾರ ಖಾಲಿ ಬಿಡಿ. ಹಾಲು, ಬ್ರೆಡ್ಡು ಮಾತ್ರ ಶನಿವಾರವೇ ತಂದಿಟ್ಟುಕೊಳ್ಳಿ.