ಕೆಮ್ಮಣ್ಣೂ ಚಂದ್ರನ ಮಣ್ಣೂ

ಕೊಪ್ಪದಿಂದ ಶೃಂಗೇರಿಗೆ ಹೋಗುವ ಹಾದಿಯಲ್ಲಿ ಶ್ರಾವಣದ ಮಳೆ ಬಿದ್ದಾಗ ಚರಂಡಿಯ ನೀರು ಕುಂಕುಮ ಕದಡಿದಂತೆ ಹರಿಯುತ್ತದೆ. ನರಸಿಂಹರಾಜಪುರದ ಕಡೆಯೂ ಹಾಗೆಯೇ. ಪಂಚೆಯ ಅಂಚಿಗೆ ಹತ್ತಿದ ಆ ಕೆಂಪನ್ನು ಯಾವ ಮಡಿವಾಳನೂ ಪೂರ್ಣವಾಗಿ ತೆಗೆಯಲಾರನು. ಈ ಸೀಮೆಯ ನಿವೃತ್ತ ಉಪಾಧ್ಯಾಯರೊಬ್ಬರು 2023ನೆಯ ಆಗಸ್ಟ್ 23ರ ಸಂಜೆ, ಚಂದ್ರಯಾನ-3ರ ನೌಕೆಯು ಚಂದ್ರನ ದಕ್ಷಿಣಭಾಗದಲ್ಲಿ ಇಳಿದುದನ್ನು ಮನೆಮಂದಿಯೊಡನೆ ನೋಡಿದರು. ಒಂದು ವಾರದೊಳಗೇ ವರ್ತಮಾನ ಬಂದಿತು: ಪ್ರಜ್ಞಾನ್ ಎಂಬ ಗಾಡಿಯು ಲೇಸರ್ ಕಿರಣದಿಂದ ಅಲ್ಲಿಯ ಮಣ್ಣನ್ನು ಸುಟ್ಟು, ಎದ್ದ ಬೆಳಕಿನ ಬಣ್ಣಗಳನ್ನು ಪರೀಕ್ಷಿಸಿ, ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ, ಕ್ರೋಮಿಯಂ, ಟೈಟೇನಿಯಂ, ಮ್ಯಾಂಗನೀಸುಗಳನ್ನು ಗುರುತಿಸಿತ್ತು.

“ಅಜ್ಜಯ್ಯ, ಅಲ್ಲಿಯೂ ಕಬ್ಬಿಣವಿದ್ದರೆ ಚಂದ್ರನ ಮಣ್ಣೂ ನಮ್ಮ ತೋಟದ ಮಣ್ಣಿನಂತೆ ಕೆಂಪೇನು?” ಎಂದಳು ಮೊಮ್ಮಗಳು.

“ಕೆಂಪಲ್ಲದೆ ಮತ್ತೇನು ಮಗೂ!” ಎಂದುಬಿಟ್ಟರು ಅವರು.

ಆ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಗಾಳಿಯೂ ಬೇಕೆಂದು ಮೂವತ್ತು ವರ್ಷ ಮಕ್ಕಳಿಂದ ಬರೆಯಿಸಿದವರು ಅವರೇ. ಮಲೆನಾಡಿನಲ್ಲಿ ಯುಗಯುಗಗಳ ಮಳೆಯು ಕಲ್ಲಿನೊಳಗಿನ ಸುಣ್ಣವನ್ನೂ ಸಿಲಿಕವನ್ನೂ ತೊಳೆದೊಯ್ದು, ತುಕ್ಕಾದ ಕಬ್ಬಿಣವನ್ನೂ ಅಲ್ಯೂಮಿನಿಯಂ ಭಸ್ಮವನ್ನೂ ಉಳಿಸಿತು, ಜಂಬಿಟ್ಟಿಗೆಯೆಂದರೆ ಅದೇ. ಚಂದ್ರನಲ್ಲಿ ತೊಳೆಯುವವರಾರು? ಆದಿಯಲ್ಲಿ ಅವನ ಮೈಯೆಲ್ಲ ಕರಗಿದ ಶಿಲೆಯ ಕಡಲಾಗಿದ್ದಾಗ, ಅಲ್ಯೂಮಿನಿಯಂ ಕ್ಯಾಲ್ಸಿಯಂಗಳುಳ್ಳ ಹಗುರವಾದ ಹರಳುಗಳು ಹಾಲಿನ ಕೆನೆಯಂತೆ ಮೇಲಕ್ಕೆ ಬಂದವು, ಕಬ್ಬಿಣವುಳ್ಳ ಭಾರದವು ಕೆಳಗಿಳಿದವು ಎಂದು ವಿದ್ವಾಂಸರ ಮತ. ಪ್ರಜ್ಞಾನ್ 23 ಕಡೆಗಳಲ್ಲಿ ಮಾಡಿದ ಅಳತೆಯು ಈ ಮತಕ್ಕೆ ಬಲ ಕೊಟ್ಟಿತೆಂದು 2024ರಲ್ಲಿ ಪ್ರಕಟವಾಯಿತು. ಅಲ್ಲಿ ಉಳಿದಿರುವ ಕಬ್ಬಿಣವಾದರೂ ತುಕ್ಕಾಗುವುದಿರಲಿ, ಸೂರ್ಯನಿಂದ ಬೀಸುವ ಜಲಜನಕದ ಕಣಗಳ ಮತ್ತು ಸಣ್ಣ ಉಲ್ಕೆಗಳ ಏಟಿಗೆ ಸಿಕ್ಕಿ, ಕಣ್ಣಿಗೆ ಕಾಣದಷ್ಟು ಚಿಕ್ಕ ಶುದ್ಧಲೋಹದ ಕಣಗಳಾಗುತ್ತದೆ. ಮಣ್ಣನ್ನು ಕಪ್ಪಿಡುವುದೂ ಅದೇ. 1969ರಲ್ಲಿ ಅಪೋಲೋ ಯಾತ್ರಿಕರು ತಂದುದು ಬೂದಿಯ ಬಣ್ಣದ ಪುಡಿ.

ಬೆಳಗಾಗುತ್ತಲೇ ಅವರು ಮೊಮ್ಮಗಳನ್ನು ಜಗಲಿಗೆ ಕರೆದು, ನಿನ್ನೆ ತಾವು ತಪ್ಪು ಹೇಳಿದೆವೆಂದು ಒಪ್ಪಿಕೊಂಡರು. ಶಿಷ್ಯರೆದುರಿಗೆ ಇಂಥ ಮಾತು ಅವರ ಬಾಯಿಂದ ಬಂದುದು ಅಪರೂಪವೆಂದು ಮನೆಯವರು ಇಂದಿಗೂ ನಗುತ್ತಾರೆ.

ಆದರೆ ಹುಡುಗಿ ಸುಮ್ಮನಿರಲಿಲ್ಲ. ಚಂದ್ರಯಾನ-1ರ ಉಪಕರಣವೊಂದು ಕಳುಹಿದ ಅಳತೆಗಳಿಂದ, ಚಂದ್ರನ ಧ್ರುವಗಳ ಕಡೆ ಹೆಮಟೈಟ್, ಎಂದರೆ ಕೆಂಪು ತುಕ್ಕಿನ ಖನಿಜ, ಅಲ್ಲಲ್ಲಿ ಉಂಟೆಂದು 2020ರಲ್ಲಿಯೇ ಪ್ರಕಟವಾಗಿದ್ದುದನ್ನು ಅವಳು ಹುಡುಕಿ ತಂದಳು. ಹುಣ್ಣಿಮೆಯ ಆಸುಪಾಸಿನಲ್ಲಿ ನಮ್ಮ ಭೂಮಿಯಿಂದಲೇ ಆಮ್ಲಜನಕವು ಅಷ್ಟು ದೂರ ತೇಲಿ ಹೋಗಿ ಅದನ್ನು ಮಾಡುತ್ತಿರಬಹುದೆಂದು ಊಹೆ.

“ಹಾಗಾದರೆ ಅಜ್ಜಯ್ಯ, ನಿನ್ನೆ ನೀವು ಹೇಳಿದ್ದು?”

ಅವರು ಕನ್ನಡಕವನ್ನು ಸರಿಪಡಿಸಿಕೊಂಡು, “ನೂರಕ್ಕೆ ಐದು ಅಂಕ ಕೊಡು” ಎಂದರು.