ನದಿ ಲೆಕ್ಕದ ದಾರಿ
ಚಿತ್ರದುರ್ಗದ ಬಳಿಯ ಭೀಮಸಮುದ್ರದ ಕೆಂಪಡಿಕೆಗೆ ಉತ್ತರದ ದಾರಿ ಹೊಸದೇನಲ್ಲ. ಮಂಡಿಯಲ್ಲಿ ಮೂಟೆಯಾಗಿ ಲಾರಿ ಏರಿತೆಂದರೆ ಅದರ ಪ್ರಯಾಣದ ಚಿಂತೆ ಡ್ರೈವರನದು. ಅದೇ ಊರಿನ ಮನುಷ್ಯ ಕಾರಿನಲ್ಲಿ ದೆಹಲಿಗೆ ಹೊರಟರೆ ಚಿಂತೆ ಅವನದೇ, ಸುಖವೂ ಅವನದೇ. ನಕ್ಷೆ ಹರಡಿಕೊಂಡು ಒಂದು ದಾರಿಯ ಎದುರು ಇನ್ನೊಂದನ್ನು ತೂಗಿ ನೋಡುವುದರಷ್ಟು ಅಗ್ಗದ, ರುಚಿಯಾದ ಹವ್ಯಾಸ ನನಗೆ ಬೇರೆ ತಿಳಿಯದು. ಇಲ್ಲಿ ತೂಕಕ್ಕೆ ಸಿಗುವ ದಾರಿಗಳು ಎರಡು, ಎರಡಕ್ಕೂ ಕವಲು ಚಿತ್ರದುರ್ಗವೇ. ಪಿ.ಬಿ. ರೋಡ್ ಎಂದು ಕರೆಯುತ್ತ ಬಂದ ಹೆದ್ದಾರಿ 48 ಹುಬ್ಬಳ್ಳಿ, ಪುಣೆ, ಮುಂಬೈ, ಸೂರತ್ ಬಳಸಿ ದೆಹಲಿ ಮುಟ್ಟಿಸುತ್ತದೆ. ಹೊಸಪೇಟೆ ಕಡೆ ತಿರುಗುವ 50ನ್ನು ಹಿಡಿದರೆ ವಿಜಯಪುರ. ಅಲ್ಲಿಂದ 52ರಲ್ಲಿ ಸೊಲ್ಲಾಪುರ, ಇಂದೋರ್, ಕೋಟಾ ಹಾಯ್ದು ಜೈಪುರ. ಅಲ್ಲಿ ಮತ್ತೆ ಎದುರಾಗುವುದು ದುರ್ಗದಲ್ಲಿ ಬಿಟ್ಟುಬಂದ ಅದೇ 48!

ಈ ಎರಡರಲ್ಲಿ ಆರಿಸುವಾಗ ಕಿಲೋಮೀಟರಿಗಿಂತ ನದಿಗಳನ್ನು ಎಣಿಸಬೇಕೆಂಬುದು ನನ್ನ ವಾದ. ಒಳನಾಡಿನ ದಾರಿಯಲ್ಲಿ ಹೊಸಪೇಟೆ ದಾಟುತ್ತಲೇ ತುಂಗಭದ್ರೆ, ನಿಡಗುಂದಿಯ ಬಳಿ ಕೃಷ್ಣೆ, ಮಹಾರಾಷ್ಟ್ರದ ಗಡಿಯಲ್ಲಿ ಭೀಮೆ, ಬೀಡ್ ಕಳೆದ ಮೇಲೆ ಶಹಾಗಡದಲ್ಲಿ ಗೋದಾವರಿ. ಇಷ್ಟೂ ನೀರು ಬಂಗಾಳ ಕೊಲ್ಲಿಯ ಪಾಲು. ಆಮೇಲೆ ಸಂಭಾಜಿನಗರ ದಾಟಿ ಔಟ್ರಮ್ ಘಾಟಿ ಇಳಿದರೆ ನೀರಿನ ದಿಕ್ಕೇ ಬದಲಾಗುತ್ತದೆ: ಧುಳೆಯ ಆಚೆ ತಾಪಿ, ಖಲ್‌ಘಾಟ್‌ನಲ್ಲಿ ನರ್ಮದೆ, ಎರಡೂ ಅರಬ್ಬಿ ಸಮುದ್ರಕ್ಕೆ ಓಡುವಂಥವು. ಕೋಟಾದ ಚಂಬಲ್ ಯಮುನೆಯ ಕಡೆಗೆ. ಅಡಿಕೆ ತೋಟದ ನೆರಳು ಬಿಟ್ಟವನು ಎರೆಭೂಮಿಯ ಜೋಳ ನೋಡಿ, ಮಾಳವದ ಗೋಧಿಗೆ ಮುಟ್ಟುವಷ್ಟರಲ್ಲಿ ದೇಶ ಯಾಕೆ ಹೀಗಿದೆ ಎಂಬುದಕ್ಕೆ ಅರ್ಧ ಉತ್ತರ ಸಿಕ್ಕಿರುತ್ತದೆ.

48ರಲ್ಲೂ ನದಿಗಳಿಲ್ಲವೇ ಎಂದು ಕೇಳಬಹುದು. ಇವೆ. ಹರಿಹರದಲ್ಲಿ ತುಂಗಭದ್ರೆ, ಸೂರತ್ತಿನಲ್ಲಿ ತಾಪಿ, ಭರೂಚಿನಲ್ಲಿ ನರ್ಮದೆ. ಆದರೆ ಆ ದಾರಿ ಸಹ್ಯಾದ್ರಿಯ ಮಗ್ಗುಲಲ್ಲೇ ಸಾಗಿ ಕೃಷ್ಣೆಯನ್ನು ಇನ್ನೂ ಎಳೆಯಳಿರುವಾಗ ದಾಟುತ್ತದೆ. ಗೋದಾವರಿಯ ಮುಖವನ್ನೇ ತೋರಿಸುವುದಿಲ್ಲ. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದರೆ ಖರ್ಚೂ ಕಡಿಮೆ, ದಣಿವೂ ಕಡಿಮೆ ಎಂಬ ಮಾತು ಇದಕ್ಕಿಂತ ಗಟ್ಟಿಯಾದದ್ದು. ತಲುಪುವುದೇ ಗುರಿಯಾದರೆ ಅದನ್ನು ಒಪ್ಪಲೇಬೇಕು. ಆದರೆ ರೈಲಿನಲ್ಲಿ ಅರ್ಧ ದೇಶ ನಾವು ಮಲಗಿದ್ದಾಗ ಕಳೆದುಹೋಗುತ್ತದೆ, ಬೇಕೆಂದ ಸೇತುವೆಯ ಬಳಿ ಅದು ನಿಲ್ಲುವುದೂ ಇಲ್ಲ. ಮೊಬೈಲೇ ದಾರಿ ತೋರುವಾಗ ಈ ಲೆಕ್ಕ ಯಾಕೆ ಎನ್ನುವವರೂ ಉಂಟು. ಮೊಬೈಲು ಬೇಗ ಮುಟ್ಟುವ ದಾರಿ ಹೇಳುತ್ತದೆ, ಹೋಗುವುದು ಯಾಕೆಂದು ಕೇಳುವುದಿಲ್ಲ.

ಅಪಾಯದ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಮಳೆಗಾಲದಲ್ಲಿ ಔಟ್ರಮ್ ಘಾಟಿ ಕುಸಿದದ್ದುಂಟು. ಕತ್ತಲಲ್ಲಿ ಇಂಡಿಕೇಟರ್ ಇಲ್ಲದೆ ನಿಂತ ಲಾರಿ ಎಲ್ಲ ಹೆದ್ದಾರಿಗಳಲ್ಲೂ ಇದೆ. ಅದಕ್ಕೆ ಉತ್ತರ ಯೋಜನೆಯಲ್ಲೇ ಇರಬೇಕು: ದಸರಾ ಕಳೆದ ಮೇಲೆ ಹೊರಡುವುದು, ದಿನಕ್ಕೆ ನಾನೂರು ಕಿಲೋಮೀಟರಿನ ಆಸುಪಾಸಿನಲ್ಲಿ ನಿಲ್ಲಿಸುವುದು, ದೀಪ ಹಚ್ಚುವ ಹೊತ್ತಿಗೆ ಊರು ಸೇರುವುದು. ವಿಜಯಪುರ, ಸಂಭಾಜಿನಗರ, ಇಂದೋರ್, ಕೋಟಾ, ಜೈಪುರ ಎಂದು ಮುಕ್ಕಾಂ ಬರೆದುಕೊಂಡರೆ ಹಾಳೆಯಲ್ಲಿ ಇನ್ನೂ ಜಾಗ ಉಳಿಯುತ್ತದೆ. ಅಲ್ಲಿ ವಾಪಸು ದಾರಿ ಬರೆಯಬಹುದು. ಅದಕ್ಕೆ 48ನ್ನೇ ಇಟ್ಟುಕೊಳ್ಳುವುದು ಲೇಸು. ಮನೆ ಕಡೆ ಮುಖ ಮಾಡಿದವನಿಗೆ ಅವಸರದ ರಸ್ತೆಯೇ ಸರಿ.